ಮರದಿಂದ ಬಿದ್ದು ಕುತ್ತಿಗೆಗೆ ಪೆಟ್ಟು, ತಲೆಗೆ ಮ್ಯಾಗ್ನೆಟ್ ಇಟ್ಟರೆ ಕೈ ಬರುತ್ತದಾ?

ಬದಿಯಡ್ಕದವ:
ಹೋದ ಮಳೆಗಾಲ ಅಡಿಕೆಗೆ ಬೋರ್ಡೋ ಮದ್ದು ಬಿಡುವಾಗ ಅಣ್ಣ ಅಡಿಕೆ ಮರದಿಂದ ಬಿದ್ದ. ಸಿ6ಗೆ, ಅಂದರೆ ಕುತ್ತಿಗೆಯ ಆರನೇ ಮಟ್ಟದ ಬೆನ್ನುಹುರಿಗೆ ಪೆಟ್ಟು. ಮಂಗಳೂರಲ್ಲಿ ಆಪರೇಷನ್ ಆಯಿತು, ರಾಡ್ ಇದೆ. ಚೀಟಿಯಲ್ಲಿ ಏಷಿಯಾ ಸಿ ಅಂತ ಬರೆದಿದ್ದಾರೆ. ಮೊಣಕೈ ಮಡಚುತ್ತಾನೆ, ಮಣಿಕಟ್ಟು ಎತ್ತುತ್ತಾನೆ, ಆದರೆ ಗಂಜಿ ಕುಡಿಯಲು ಚಮಚವನ್ನು ಅಂಗೈಯ ಬೆಲ್ಟಿಗೆ ಸಿಕ್ಕಿಸಿ ಕೊಡಬೇಕು. ಈಗ ಒಂದು ಕಡೆ ತಲೆಗೆ ಮ್ಯಾಗ್ನೆಟ್ ಇಡುತ್ತೇವೆ, 20 ಸಿಟ್ಟಿಂಗ್, ದುಡ್ಡು ಮೊದಲೇ ಕಟ್ಟಿ ಅನ್ನುತ್ತಿದ್ದಾರೆ. ಪೆಟ್ಟು ಕುತ್ತಿಗೆಗೆ, ಮದ್ದು ತಲೆಗೆ ಯಾಕೆ? ಅಮ್ಮ ಬಂಗಾರ ಅಡವಿಡಲು ಹೊರಟಿದ್ದಾರೆ.

ಉಪ್ಪಳದ ಫಿಸಿಯೋ:
ಕೈ ಆಡಿಸುವ ಸಂದೇಶ ಹೊರಡುವುದೇ ಮೆದುಳಿಂದ, ಅಲ್ವಾ. ಏಷಿಯಾ ಎಂದರೆ ಪೆಟ್ಟಿನ ತೀವ್ರತೆ ಅಳೆಯುವ ಪಟ್ಟಿ, ಅದರಲ್ಲಿ ಸಿ ಎಂದರೆ ಬೆನ್ನುಹುರಿ ಪೂರ್ತಿ ತುಂಡಾಗಿಲ್ಲ, ಕೆಲವು ಎಳೆ ಉಳಿದಿವೆ. ಮೇಲಿಂದ ಮ್ಯಾಗ್ನೆಟ್ಟಿನ ಹೊಡೆತದಿಂದ ಮೆದುಳನ್ನು ಜೋರಾಗಿ ತಟ್ಟಿ ಆ ಉಳಿದ ಎಳೆಗಳಿಂದಲೇ ಜಾಸ್ತಿ ಕೆಲಸ ತೆಗೆಯುವ ಪ್ರಯತ್ನ ಇದು. ಕೈಯ ಜಾಗ ಮೆದುಳಿನ ಹೊರಮೈಯಲ್ಲೇ ಇದೆ, ತಲೆ ಮೇಲಿಡುವ ಮ್ಯಾಗ್ನೆಟ್ ಸುರುಳಿ ಅಂದರೆ ಕಾಯಿಲ್‌ಗೆ ಸಿಗುತ್ತದೆ. ಕಾಲಿನದ್ದು ಎರಡು ಅರ್ಧಗಳ ನಡುವಿನ ಸೀಳಿನೊಳಗೆ, ಅಲ್ಲಿಗೆ ತಲುಪುವುದು ಕಷ್ಟ. 1985ರಲ್ಲಿ ಶೆಫೀಲ್ಡ್‌ನ ಆಂಟನಿ ಬಾರ್ಕರ್ ತಂಡ ಶುರು ಮಾಡಿದ ವಿದ್ಯೆ. ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿದ್ದು ಖಿನ್ನತೆಗೆ. ಬೆನ್ನುಹುರಿಗೆ ಇನ್ನೂ ಸಣ್ಣ ಸಣ್ಣ ಪ್ರಯೋಗಗಳೇ, ಫಲ ಒಬ್ಬೊಬ್ಬರಿಗೆ ಒಂದೊಂದು ತರ. ಹಾಗಾಗಿ ಗ್ಯಾರಂಟಿ ಅನ್ನುವವರನ್ನು ನಾನು ನಂಬುವುದಿಲ್ಲ.

ಪೆರ್ಲದ ಅಳಿಯ:
ನಮ್ಮ ಭಾವನಿಗೆ ಮಾಡಿಸಿದ್ದೆವು. ಮೊದಲ ದಿನ ತಲೆ ಮೇಲೆ ಎಂಟರ ಆಕಾರದ ಕಾಯಿಲ್ ಇಟ್ಟು ಟಕ್ ಅನ್ನಿಸಿದಾಗ ಹೆಬ್ಬೆರಳು ಪಟ್ ಅಂತ ಹಾರಿತು ಮಾರಾಯ್ರೇ, ಅಕ್ಕ ಅಲ್ಲೇ ಅತ್ತುಬಿಟ್ಟಳು. ಆಮೇಲೆ ಗೊತ್ತಾಯಿತು, ಅದು ಗುಣ ಅಲ್ಲ, ಎಷ್ಟು ಜೋರು ಕೊಡಬೇಕು ಅಂತ ಅಳೆಯುವ ಕ್ರಮ. ನಿಜವಾದ ದುಡಿತ ಅದರ ಬೆನ್ನಿಗೇ ಇತ್ತು: ಕಡಲೆಕಾಳು ಹೆಕ್ಕುವುದು, ಬಟ್ಟೆ ಕ್ಲಿಪ್ ಒತ್ತುವುದು, ಬೇಜಾರು ಬರುವಷ್ಟು. ಎರಡು ತಿಂಗಳಿಗೆ ಅಂಗಿ ಗುಂಡಿ ಹಾಕಿಕೊಂಡರು. ಮ್ಯಾಗ್ನೆಟ್‌ನಿಂದಲೋ ಕಡಲೆಯಿಂದಲೋ ದೇವರೇ ಬಲ್ಲ.

ಬದಿಯಡ್ಕದವ:
ಮನೆಯಲ್ಲೇ ತಲೆಗೆ ಇಡುವ ಸ್ಪಂಜಿನ ಮೆಷಿನ್ ಆನ್‌ಲೈನಲ್ಲಿ ಸಿಗುತ್ತದೆ. ಅದು?

ಉಪ್ಪಳದ ಫಿಸಿಯೋ:
ಅದು ಟಿಡಿಸಿಎಸ್, ಅಂದರೆ ಸ್ಪಂಜಿನ ಮೂಲಕ ತಲೆಗೆ ಸಣ್ಣ ಕರೆಂಟ್ ಕೊಡುವುದು, ಅದೇ ಬೇರೆ. ಒಂದೆರಡು ಮಿಲಿಆಂಪಿಯರ್, 20 ನಿಮಿಷ. ಬೆರಳು ಹಾರಿಸುವ ಶಕ್ತಿ ಅದಕ್ಕಿಲ್ಲ. ಸ್ಪಂಜು ಒಣಗಿದರೆ ಚರ್ಮ ಸುಡುತ್ತದೆ, ಅಣ್ಣನಿಗೆ ಸ್ಪರ್ಶ ಕಡಿಮೆ ಇರುವ ಕಡೆ ಇಟ್ಟರೆ ತಿಳಿಯುವುದೂ ಇಲ್ಲ. ಸುಮ್ನೆ ತರಿಸಬೇಡಿ. ಮ್ಯಾಗ್ನೆಟ್ ಮಾಡಿಸುವುದಾದರೆ ಹಿಂದೆ ಫಿಟ್ಸ್ ಬಂದಿದೆಯಾ, ತಲೆಯೊಳಗೆ ಲೋಹದ ಕ್ಲಿಪ್ ಇದೆಯಾ ಎಂದು ಅವರೇ ಕೇಳಬೇಕು. ಕೇಳದಿದ್ದರೆ ಎದ್ದು ಬನ್ನಿ. ಕುತ್ತಿಗೆಯ ರಾಡ್ ವಿಷಯವನ್ನೂ ಹೇಳಿ. ಕೈಕಾಲು ಬಿಗಿಯುವುದಕ್ಕೆ ಬ್ಯಾಕ್ಲೋಫೆನ್ ಅನ್ನುವ ಮದ್ದು ಕೊಡುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ತಟ್ಟನೆ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಇನ್ನೊಂದು, 2024 ಡಿಸೆಂಬರಲ್ಲಿ ಅಮೆರಿಕ ಒಪ್ಪಿದ್ದು ಕುತ್ತಿಗೆಯ ಚರ್ಮದ ಮೇಲೆ ಕರೆಂಟ್ ಕೊಡುವ ಸಾಧನ, ಕೈಗೆ. ಅದು ಹುರಿಗೆ, ತಲೆಗಲ್ಲ. ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ.

ಬದಿಯಡ್ಕದವ:
ಈಗ ಫೋನ್ ಮಾಡಿದೆ. ಸಿಟ್ಟಿಂಗ್ ಆದ ಮೇಲೆ ವ್ಯಾಯಾಮ ಯಾರು ಮಾಡಿಸುತ್ತಾರೆ ಅಂತ ಕೇಳಿದರೆ, ಅದು ನಿಮ್ಮ ಮನೆಯಲ್ಲಿ ಅಂದರು. ಫಿಟ್ಸ್ ವಿಷಯ ಕೇಳಲೇ ಇಲ್ಲ. ದುಡ್ಡು ಕಟ್ಟಿಲ್ಲ. ಅಮ್ಮ ಕಡಲೆ ನೆನೆಹಾಕಲು ಹೊರಟಿದ್ದರು, ಹೆಕ್ಕಲಿಕ್ಕೆ ಒಣಗಿದ್ದೇ ಸಾಕು ಅಂದೆ.