ಶಿರಸಿಗೆ ಬರೋದು ಯಾವಾಗ: ಜಾತ್ರೆಗೋ, ಜಲಪಾತಕ್ಕೋ?

ಕೇಳಿದ್ದು: ಬೆಂಗಳೂರಿಂದ ಅಮ್ಮ, ಮಕ್ಕಳನ್ನು ಕರಕೊಂಡು ಮೂರು ದಿನ ಶಿರಸಿ ಕಡೆ ಬರಬೇಕು ಅಂತಿದ್ದೇವೆ. ಮಾರಿಕಾಂಬಾ ಜಾತ್ರೆ, ಕಾಡು, ಜಲಪಾತ ಎಲ್ಲ ನೋಡುವ ಆಸೆ. ಅಮ್ಮನಿಗೆ ಮಂಡಿನೋವು. ಅನುಭವ ಇದ್ದವರು ಹೇಳಿ.

ಶಿರಸಿ ಪೇಟೆಯಿಂದ: ಎರಡನ್ನೂ ಒಂದೇ ಸಲಕ್ಕೆ ಇಟ್ಕೋಬೇಡಿ. ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024ರ ಹಾಗೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ. ಆಗ ಜಲಪಾತದಲ್ಲಿ ನೀರು ಇಳಿದಿರುತ್ತದೆ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ರಥ ಏರಿ ಜಾತ್ರೆ ನಡೆಯುವ ಬಯಲು ಬಿಡಕಿಬೈಲಿಗೆ ಹೊರಡುತ್ತಾಳೆ. ಆ ದಿನ ಕಾಲಿಡಲು ಜಾಗವಿರಲ್ಲ, ಅಮ್ಮನವರಿಗೆ ಕಷ್ಟ. ಆಮೇಲೆ ಒಂದು ವಾರ ದೇವಿ ಅಲ್ಲಿನ ಗದ್ದುಗೆಯಲ್ಲೇ ಇರುತ್ತಾಳೆ. ನಡುವಿನ ಒಂದು ದಿನ ಬೆಳಗಿನ ಜಾವವೇ ಬಂದು ಉಡಿ ಕೊಟ್ಟು ದರ್ಶನ ಮಾಡಿಸಿ. ಇನ್ನೊಂದು ಮಾತು, ಜಾತ್ರೆ ಮುಗಿದ ಮೇಲೆ ಯುಗಾದಿಗೆ ದೇವಿಯ ಮರುಪ್ರತಿಷ್ಠೆ ಆಗುವವರೆಗೆ ಗುಡಿಯಲ್ಲಿ ದರ್ಶನ ಇರಲ್ಲ. ದೂರದಿಂದ ಬಂದವರು ಬಾಗಿಲಲ್ಲೇ ಕೈಮುಗಿದು ಹೋಗೋದನ್ನು ನೋಡಿದರೆ ಬೇಜಾರಾಗ್ತದೆ.

ಸೋಂದಾ ಹತ್ತಿರದಿಂದ: ಕಾಡು, ನೀರು ಬೇಕಾದರೆ ದೀಪಾವಳಿ ಕಳೆದು ಬನ್ನಿ. ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಯ ನೀರು ಇಳಿದು, ಬಂಡೆಬಂಡೆಯ ಮೇಲೆ ಕೆತ್ತಿದ ಲಿಂಗ, ನಂದಿ ಕಾಣಲು ಶುರುವಾಗುತ್ತದೆ. ಮಳೆಗಾಲದಲ್ಲಿ ಎಷ್ಟೋ ಲಿಂಗ ಹೊಳೆಯೊಳಗೆ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಅಘನಾಶಿನಿಯ ಉಂಚಳ್ಳಿ 116 ಮೀಟರ್ ಎತ್ತರದ ಜಲಪಾತ, ಚಂದವೋ ಚಂದ, ಆದರೆ ಮೆಟ್ಟಿಲು ಇಳಿದು ಹತ್ತಬೇಕು. ದೊಡ್ಡ ಕರಿಬಂಡೆಗಳ ಯಾಣವೂ ಹಾಗೇ. ಅಮ್ಮನವರಿಗೆ ಬನವಾಸಿಯೇ ಸರಿ: ಮಧುಕೇಶ್ವರ ದೇವಸ್ಥಾನ ಸಮತಟ್ಟು ನೆಲದಲ್ಲಿದೆ, ಪಕ್ಕದಲ್ಲೇ ವರದಾ ನದಿ.

ಹುಬ್ಬಳ್ಳಿಯಲ್ಲಿರುವ ಶಿರಸಿಯವಳು: ಜಾತ್ರೆ ಇಲ್ಲದ ವರ್ಷ ಅಂತ ಬಿಡಬೇಡಿ, ಆ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ ಇರ್ತದೆ. ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ, ಮುಖಕ್ಕೆ ಕೆಂಬಣ್ಣ, ಕೈಯಲ್ಲಿ ಕತ್ತಿ-ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿದಿರುತ್ತಾರೆ. ತಮಟೆ ಏರಿದ ಹಾಗೆ ವೇಷದವನು ಜನರತ್ತ ನುಗ್ಗುವಾಗ ಈಗಲೂ ನನ್ನ ಎದೆ ಧಸಕ್ ಅಂತದೆ. ರಾತ್ರಿಯಿಡೀ ಬೀದಿಬೀದಿ ಕುಣಿತ. ಸಣ್ಣ ಮಕ್ಕಳು ಹೆದರ್ತಾರೆ, ಎತ್ತಿಕೊಂಡು ತುಸು ದೂರದಲ್ಲಿ ನಿಲ್ಲಿ.

ಯಲ್ಲಾಪುರ ರಸ್ತೆಯಿಂದ: ಜನವರಿ ನಂತರ ಬಂದರೆ ಆಲೆಮನೆ ಎಲ್ಲಿ ನಡೀತಿದೆ ಅಂತ ಉಳಿದುಕೊಂಡ ಮನೆಯವರನ್ನು ಕೇಳಿ. ಬಿಸಿ ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲಿನ ಹಿಟ್ಟು ಸವರಿ ತೊಡದೇವು ಅನ್ನುವ ತೆಳ್ಳನೆಯ ಸಿಹಿತಿಂಡಿ ಎಬ್ಬಿಸುವುದನ್ನು ಮಕ್ಕಳು ನೋಡಲಿ. ಜಾತ್ರೆಗಾದರೆ ರೂಮು ತಿಂಗಳುಗಟ್ಟಲೆ ಮುಂಚೆಯೇ ಹೇಳಿಡಿ, ಪೇಟೆಯಲ್ಲಿ ಸಿಗದಿದ್ದರೆ ಹಳ್ಳಿ ಕಡೆಯ ಹೋಮ್‌ಸ್ಟೇ ನೋಡಿ.