ಸಹಾಯ ಬೇಕು: ಅಜ್ಜಿಯ ಮುಖದಲ್ಲಿ ದುಃಖ ಯಾಕೆ ಕಾಣುತ್ತಿಲ್ಲ?

ನಮಸ್ಕಾರ. ಬಸವನಗುಡಿಯ ನಮ್ಮ ಮನೆಯಲ್ಲೇ ಒಂದು ಕಿರುಚಿತ್ರ ಮಾಡಿದ್ದೇನೆ. ಕೊನೆಯಲ್ಲಿ ಅಜ್ಜಿ ಸುಮ್ನೆ ನೋಡುತ್ತಾರೆ, ಆಮೇಲೆ ತೀರಿಹೋದ ತಾತನ ಖಾಲಿ ಕುರ್ಚಿ. ಅಷ್ಟೇ. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೊವ್ ಒಂದೇ ಮುಖದ ಶಾಟ್ ಪಕ್ಕ ಸೂಪು, ಶವಪೆಟ್ಟಿಗೆ ಜೋಡಿಸಿದಾಗ ನೋಡಿದವರಿಗೆ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತ್ತಂತೆ. ಅದನ್ನೇ ನಂಬಿ, ಅಳುವುದು ಬೇಡ ಅಂತ ಅಜ್ಜಿಗೆ ಹೇಳಿದ್ದೆ.

ನೋಡಿದ ಆರು ಜನರಲ್ಲಿ ನಾಲ್ವರು 'ಅಜ್ಜಿಗೆ ಯಾರ ಮೇಲೋ ಕೋಪ ಅಲ್ವಾ?' ಎಂದರು. ಕುರ್ಚಿಯ ಶಾಟನ್ನು ಎರಡು ಸೆಕೆಂಡಿನಿಂದ ಐದಕ್ಕೆ ಏರಿಸಿದೆ, ಬದಲಾಗಲಿಲ್ಲ. ವೀಣೆ ಸೇರಿಸಿದರೆ ದುಃಖ ತಿಳಿಯುತ್ತದೆ, ಆದರೆ ಆ ಮೌನ ಹೋಗಿಬಿಡುತ್ತದೆ. ನನಗೆ ಮೌನವೇ ಬೇಕು.

ಕುರ್ಚಿಯಾದ ಮೇಲೆ ಮತ್ತೆ ಅಜ್ಜಿಯ ಮುಖಕ್ಕೆ ಬರಬೇಕಾ? ಅಥವಾ ತಾತ ಅದರಲ್ಲಿ ಕೂತಿದ್ದನ್ನು ಮೊದಲೇ ತೋರಿಸಬೇಕಾ? ಎಡಿಟಿಂಗ್ ಗೊತ್ತಿರುವವರು ದಯವಿಟ್ಟು ಹೇಳಿ.