ಶಾಸನ ಪತ್ತೆ ಮಾಡಿದವರನ್ನು ಏನಂತ ಕರೀಬೇಕು? ಫ್ಲೆಕ್ಸ್ ವಾಪಸ್ ಬಂದಿದೆ

ಮಸ್ಕಿ ಫ್ಲೆಕ್ಸ್:
ಮಸ್ಕಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಒಂದು ಶಾಲೆಯವರು ಫ್ಲೆಕ್ಸ್ ಹೇಳಿದ್ದರು. ನಾಲ್ಕಕ್ಕೆ ಮೂರಡಿ, ಮೇಲೆ ‘ನಮ್ಮ ನೆಲ, ನಮ್ಮ ವಿಜ್ಞಾನಿಗಳು’. ಪಟ್ಟಿಯಲ್ಲಿ ನಮ್ಮೂರ ಅಶೋಕನ ಶಾಸನ ಪತ್ತೆ ಮಾಡಿದ ಬೀಡನ್ ಹೆಸರೂ ಇತ್ತು. ನಾನು ಜಾಸ್ತಿ ತಲೆ ಓಡಿಸಿ ಅವರ ಹೆಸರಿನ ಕೆಳಗೆ ‘ವಿದ್ವಾಂಸರು’ ಅಂತ ಹಾಕಿದೆ. ಶಾಸನ ಅಂದ್ರೆ ವಿದ್ವಾಂಸರ ಕೆಲಸ ಅಲ್ವಾ? ಸಮಾಜದ ಸರ್ ಸರಿ ಅಂದರು. ವಿಜ್ಞಾನದ ಮೇಡಂ ವಾಪಸ್ ಕಳಿಸಿದರು. “1915ರಲ್ಲಿ ಚಿನ್ನ ಹುಡುಕ್ತಿದ್ದ ಗಣಿ ಎಂಜಿನಿಯರ್ ರೀ ಅವರು!” ಫ್ಲೆಕ್ಸನ್ನು ಸದ್ಯ ಅಂಗಡಿ ಮುಂದೆ ಬಿಸಿಲಿಗೆ ಅಡ್ಡ ಕಟ್ಟಿದ್ದೇನೆ. ದುಡ್ಡು ಬಂದಿಲ್ಲ.

ನಮ್ಮವ್ವನಿಗಂತೂ ‘ಪಂಡಿತರು’ ಅಂದ್ರೆ ಬೇರು ತೇಯ್ದು ಔಷಧ ಕೊಡೋರು. ವಿದ್ವಾಂಸರು, ವಿಜ್ಞಾನಿಗಳು ಅನ್ನೋ ಈ ಗೆರೆಯನ್ನ ಬೇರೆ ಭಾಷೆಯವರು ಎಲ್ಲಿ ಎಳೀತಾರೆ?

ರಾಯಚೂರು ನಿವೃತ್ತ:
ಇಂಗ್ಲಿಷಿನಲ್ಲೇ ಈ ಗೆರೆ ಹೊಸದು ತಮ್ಮಾ. ವಿಲಿಯಂ ಹ್ಯೂವೆಲ್ ಎಂಬವರು ‘ಆರ್ಟಿಸ್ಟ್’ ನೋಡಿ ‘ಸೈಂಟಿಸ್ಟ್’ ಪದ ಕಟ್ಟಿದರು. ಅದು ಅಚ್ಚಾಗಿದ್ದು 1834ರಲ್ಲಿ. ಅಷ್ಟೊತ್ತಿಗೆ ನ್ಯೂಟನ್ ತೀರಿಕೊಂಡು ನೂರು ವರ್ಷ ದಾಟಿತ್ತು!

ನಾನು ಓದಿದ್ದು ಉರ್ದು ಮೀಡಿಯಂ. ‘ಆಲಿಮ್’ ಅಂದರೆ ತಿಳಿದವನು, ಅಷ್ಟೇ. ಆದರೆ ನಮ್ಮ ಓಣಿಯಲ್ಲಿ ಆ ಮಾತು ಧರ್ಮ ಓದಿದವರಿಗೆ ಮೀಸಲು. ಲ್ಯಾಬಿನವರು ‘ಸಾಯಿನ್ಸ್‌ದಾನ್’. ಅರಬ್ಬಿಯಲ್ಲಿ ಮಾತ್ರ ಇಬ್ಬರಿಗೂ ‘ಆಲಿಮ್’ ನಡೆಯುತ್ತದೆ.

ನಮ್ಮಲ್ಲೇನು ಕಡಿಮೆ? ‘ಮಿತಾಕ್ಷರ’ ಬರೆದವರ ಹೆಸರು ವಿಜ್ಞಾನೇಶ್ವರ. ಬರೆದದ್ದು ಆಸ್ತಿ ಪಾಲು, ವಾರಸುದಾರಿಕೆ, ಕಾನೂನು.

ಸಿಂಧನೂರು ಭತ್ತ:
ನಾವು ಕ್ಯಾಂಪಿನವರು, ಮನೆಯಲ್ಲಿ ತೆಲುಗು. ತೆಲುಗಿನಲ್ಲಿ ವಿಜ್ಞಾನಿಗೆ ‘ಶಾಸ್ತ್ರವೇತ್ತ’. ಒಮ್ಮೆ ಗದ್ದೆಗೆ ಕೃಷಿ ವಿಜ್ಞಾನಿಯೊಬ್ಬರು ಬಂದಿದ್ದರು. ನಮ್ಮಪ್ಪ ಪಕ್ಕದ ಹೊಲದ ಅಜ್ಜನಿಗೆ “ಶಾಸ್ತ್ರವೇತ್ತಲು ಬಂದಾರೆ” ಅಂತ ಕೂಗಿ ಹೇಳಿದರು. ಅಜ್ಜ ಕೆಸರು ಕೈ ಕಾಲುವೆಯಲ್ಲಿ ತೊಳಕೊಂಡು, ಪಂಚೆಗೆ ಒರೆಸಿ, ಸೀದಾ ಅಂಗೈ ಚಾಚಿದ. ಶಾಸ್ತ್ರ ಹೇಳಿಸಿಕೊಳ್ಳೋಕೆ! ಆ ಸರ್ ಕೈ ಹಿಡಿದು ನೋಡಿ, “ಯೂರಿಯಾ ಜಾಸ್ತಿ ಹಾಕ್ತೀರಿ” ಅಂದರು.

ಹೊಸಪೇಟೆ ಹುಡುಗಿ:
ನಾನು ಆನ್‌ಲೈನಲ್ಲಿ ಜರ್ಮನ್ ಕಲೀತಿದ್ದೀನಿ. ಅಲ್ಲಿ ಈ ತಕರಾರೇ ಇಲ್ಲ. ‘ವಿಸ್ಸನ್‌ಶಾಫ್ಟ್ಲರ್’ ಅಂದ್ರೆ ಭೌತಶಾಸ್ತ್ರದವರೂ ಆಯ್ತು, ಭಾಷೆ, ಇತಿಹಾಸದವರೂ ಆಯ್ತು. ನಿಮ್ಮ ಫ್ಲೆಕ್ಸ್ ಅಲ್ಲಿ ಪಾಸ್.

ರಾಯಚೂರು ನಿವೃತ್ತ:
ಇನ್ನೊಂದು ಮರೆತೆ. ಮಸ್ಕಿ ಶಾಸನ ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ವಿದ್ವಾಂಸರು ಅನ್ನೋದಾದ್ರೆ ಅವರನ್ನು ಅನ್ನಿ. ಆದರೆ 1837ರಲ್ಲಿ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಇದ್ದರಲ್ಲ, ಅವರ ನೌಕರಿ ನಾಣ್ಯ ಮಾಡೋ ಟಂಕಸಾಲೆಯಲ್ಲಿ. ಚಿನ್ನ, ಬೆಳ್ಳಿ ಎಷ್ಟು ಶುದ್ಧ ಅಂತ ಪರೀಕ್ಷೆ ಮಾಡೋದು.

ಮಸ್ಕಿ ಫ್ಲೆಕ್ಸ್:
ಅಲ್ಲೂ ಚಿನ್ನಾನೇ! ಸರ್, ನಿಮ್ಮ ಮಾತು ಓದಿ ‘ವಿದ್ವಾಂಸರು’ ಮೇಲೆ ಒಂದು ಸ್ಟಿಕರ್ ಅಂಟಿಸಿದೆ: ‘ಚಿನ್ನ ಹುಡುಕುವಾಗ ಶಾಸನ ಕಂಡವರು’. ಮೇಡಂ ಒಪ್ಪಿದರು. ಸಮಾಜದ ಸರ್ ಈಗ ಕೃಷ್ಣಶಾಸ್ತ್ರಿಗಳನ್ನೂ ಸೇರಿಸಿ ಅಂತಿದ್ದಾರೆ. ಜಾಗ ಎಲ್ಲಿದೆ?